ನೋವು ಹೇಳದವರಿಗೆ ಬಿಲ್ಲೆ

"ಎರಡೇ ಎರಡು ಪುಟ ಬರೆದುಕೊಡಿ ಮೇಡಂ, ಹೇಗೂ ನೀವು ಕನ್ನಡ ಟೀಚರು," ಎಂದು ಮೊನ್ನೆ ಚಾಮರಾಜನಗರದ ಟ್ರಸ್ಟಿನಿಂದ ಫೋನು ಬಂತು. ಅಲ್ಲಿ ಮಕ್ಕಳ ಹೊಟ್ಟೆನೋವಿಗೆ ಉಸಿರಾಟ ಹೇಳಿಕೊಡುವ ಆಕೆ ಕೆಲಸದಿಂದ ನಿವೃತ್ತಿಯಾಗುತ್ತಿದ್ದಾಳಂತೆ. ಟ್ರಸ್ಟಿನವರು ಸನ್ಮಾನ ಇಟ್ಟುಕೊಂಡಿದ್ದಾರಂತೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಜೊತೆಗೊಂದು ಸ್ಮರಣ ಸಂಚಿಕೆ. ಆಕೆಯ ಕೈಯಲ್ಲಿ ಗುಣವಾದ ಮಕ್ಕಳ ತಾಯಂದಿರು ಸಂಚಿಕೆಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕಂತೆ. ಗುಣವಾದ ಮಕ್ಕಳಲ್ಲಿ ನನ್ನ ಮಗಳು ಚೈತ್ರಳೂ ಒಬ್ಬಳಂತೆ. ಕೇಳಿ ಮೈಯೆಲ್ಲ ಉರಿದುಹೋಯಿತು. "ಬರೀತೀನಿ ಬಿಡಿ," ಅಂದೆ. ಬರೆದದ್ದು ಇದು. ಇದನ್ನವರು ಅಚ್ಚು ಹಾಕಿಸುವುದಿಲ್ಲ ಅಂತ ನನಗೂ ಗೊತ್ತು.

ಆಕೆಯ ಹೆಸರು ಬರೆಯುವುದಿಲ್ಲ. ಓದಿದ ಹೆಂಗಸನ್ನು, ಅದೂ ನನಗಿಂತ ವಯಸ್ಸಿನಲ್ಲಿ ದೊಡ್ಡವಳನ್ನು, ಹೀಗೆ ಏಕವಚನದಲ್ಲಿ ಬರೆಯುವುದು ನಮ್ಮ ಕಡೆ ಮರ್ಯಾದೆಯಲ್ಲ. ಶಾಲೆಯಲ್ಲಿ ಮಕ್ಕಳು ಹಾಗೆ ಬರೆದರೆ ನಾನೇ ತಿದ್ದುತ್ತೇನೆ. ಇಲ್ಲಿ ತಿದ್ದುವುದಿಲ್ಲ.

ಚೈತ್ರ ಆಗ ನಾಲ್ಕನೇ ಕ್ಲಾಸು. ನಮ್ಮದು ಹಂಗಳ. ಅಲ್ಲಿಂದ ದಿನಾ ಅಮ್ಮ ಮಗಳಿಬ್ಬರೂ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು, ನಾನು ಪಾಠ ಮಾಡುವುದಕ್ಕೆ, ಅವಳು ಕಲಿಯುವುದಕ್ಕೆ. ಬೆಳಗಾದರೆ ಸಾಕು, ಹೊಕ್ಕುಳ ಸುತ್ತ ಕೈ ಒತ್ತಿಕೊಂಡು ಮುದುಡಿ ಕೂರುತ್ತಿದ್ದಳು. ನೋವು ಬರುವುದು, ಹೋಗುವುದು, ಮತ್ತೆ ಬರುವುದು. ಜಂತುಹುಳದ ಔಷಧಿ ಆಯಿತು, ಓಂಕಾಳಿನ ಕಷಾಯ ಆಯಿತು, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಯಿತು. ಏನೂ ಸಿಗಲಿಲ್ಲ. ಮಕ್ಕಳ ಡಾಕ್ಟರು ಒಳ್ಳೆಯವರು. "ರೋಗ ಸಿಕ್ಕಿಲ್ಲ ಅಂದ ಮಾತ್ರಕ್ಕೆ ನೋವು ಸುಳ್ಳಲ್ಲಮ್ಮ, ಮಗುಗೆ ನಿಜವಾಗ್ಲೂ ನೋಯುತ್ತೆ. ಮನಸ್ಸಿನ ಗಾಬರಿ ಹೊಟ್ಟೇಲಿ ಕೂರುತ್ತೆ. ಉಸಿರಾಟ ಹೇಳ್ಕೊಟ್ಟು, ಕಣ್ಣು ಮುಚ್ಚಿಸಿ, ಮನಸ್ಸಿಗೆ ಹಿತವಾದ ಜಾಗಕ್ಕೆ ಕರ್ಕೊಂಡು ಹೋಗೋ ಅಭ್ಯಾಸ ಇದೆ. ಎಷ್ಟೋ ಮಕ್ಕಳಿಗೆ ಕಮ್ಮಿಯಾಗುತ್ತೆ," ಎಂದು ಹೇಳಿ ಆಕೆಯ ಹತ್ತಿರ ಕಳಿಸಿದರು.

ಗುಂಡ್ಲುಪೇಟೆಯಲ್ಲಿ ಒಂದು ಮೆಡಿಕಲ್ ಶಾಪಿನ ಮಹಡಿಯ ಮೇಲೆ ಟ್ರಸ್ಟಿನ ಕೋಣೆ. ಶನಿವಾರ ಶನಿವಾರ ಆಕೆ ಕಾರಿನಲ್ಲಿ ಬರುತ್ತಿದ್ದಳು. ಗಂಜಿ ಹಾಕಿದ ಕಾಟನ್ ಸೀರೆ, ಅದರ ನೆರಿಗೆ ಸಂಜೆಯಾದರೂ ಕದಲುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ಬೆಂಚಿನ ಮೇಲೆ ಕೂತ ನಮ್ಮ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನಮಸ್ಕಾರ ಅಂದರೆ ಗೋಡೆಯ ಕಡೆಗೊಮ್ಮೆ ತಲೆ ಆಡಿಸಿ ಒಳಗೆ ಹೋಗುತ್ತಿದ್ದಳು. ನಮಗ್ಯಾರಿಗೂ ಆಕೆಯ ಹತ್ತಿರ ಹೆಸರಿರಲಿಲ್ಲ. ನಾನು 'ಚೈತ್ರ ತಾಯಿ'. ನಮ್ಮವರು 'ಚೈತ್ರ ತಂದೆ, ಹೊರಗಿರಿ'. ಟವೆಲ್ಲು ಹೆಗಲ ಮೇಲಿದ್ದರೆ ತೆಗೆಯಿರಿ ಅನ್ನುವಳು, ಬೆವರಿನ ವಾಸನೆಗೆ ಮಕ್ಕಳ ಗಮನ ಹೋಗುತ್ತದಂತೆ. ಹೊಲದಿಂದ ನೇರ ಬಂದ ಗಂಡಸು ಗಂಧ ಪೂಸಿಕೊಂಡು ಬರಬೇಕಿತ್ತೇನೋ!

ದನಿ ಮಾತ್ರ, ಸುಳ್ಳು ಯಾಕೆ ಹೇಳಲಿ, ದೇವರು ಕೊಟ್ಟದ್ದು. ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಕೈಗಡಿಯಾರ ಬಿಚ್ಚಿ ಮುಖ ಕೆಳಗೆ ಮಾಡಿ ಮೇಜಿನ ಮೇಲಿಟ್ಟು, "ಸರಿ, ಉಸಿರು," ಅನ್ನುವಳು. ಅಷ್ಟೇ, ಇಡೀ ಕೋಣೆಯೇ ತಣ್ಣಗಾಗಿಬಿಡುತ್ತಿತ್ತು. ಮರದ ಹಲಗೆಯ ಗೋಡೆ, ಒಳಗಿನ ಮಾತೆಲ್ಲ ಬೆಂಚಿಗೆ ಕೇಳಿಸುತ್ತಿತ್ತು. "ಕಾಲ್ಬೆರಳು ಸಡಿಲ... ಮೊಣಕಾಲು ಸಡಿಲ... ಹೊಟ್ಟೆ ಮೆತ್ತಗೆ..." ಒಂದು ಸಲ ಬೇಗೂರು ಕಡೆಯ ಯಜಮಾನರೊಬ್ಬರು ಮೊಮ್ಮಗಳನ್ನು ಒಳಗೆ ಬಿಟ್ಟು ಬೆಂಚಿನ ಮೇಲೆ ಕೂತಿದ್ದವರು ಆ ದನಿಗೆ ಅಲ್ಲೇ ನಿದ್ದೆ ಹೋಗಿ ಗೊರಕೆ ಶುರುಮಾಡಿದರು. ಬಾಗಿಲು ಧಡಾರನೆ ತೆರೆಯಿತು. "ಇದು ಛತ್ರವಲ್ಲ!" ಅದೇ ಬಾಯಿ, ಅದೇ ಹೆಂಗಸು, ದನಿ ಮಾತ್ರ ಬೇರೆ. ಯಜಮಾನರು ಬೆಚ್ಚಿ ಎದ್ದು ಕೈಮುಗಿದು, "ತೆಪ್ಪಾಯ್ತು ಕಣವ್ವ, ನೀವು ಯೋಳಿದ್ದು ನನ್ಗೇ ಯೋಳಿದ್ದು ಅನ್ಕಂಬುಟ್ಟೆ," ಎಂದರು. ಬೆಂಚೆಲ್ಲ ನಕ್ಕಿತು. ಆಕೆ ನಗಲಿಲ್ಲ.

ಮೊದಲ ದಿನವೇ ಎಡವಟ್ಟಾಯಿತು. ಆಕೆಗೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ತರಬೇತಿಯಲ್ಲಿ ಕಲಿಸಿಕೊಟ್ಟ ಒಂದು ಪಾಠ ಬಾಯಿಪಾಠವಾಗಿತ್ತು. ಚೈತ್ರಳನ್ನು ಮಲಗಿಸಿ, ಉಸಿರೆಲ್ಲ ಸರಿಹೋದ ಮೇಲೆ ಶುರುಮಾಡಿದಳು. "ಈಗ ನೀನು ಒಂದು ಸುಂದರವಾದ ಕಾಡಿನಲ್ಲಿ ಒಬ್ಬಳೇ ನಡೆಯುತ್ತಿದ್ದೀಯ. ಎಲ್ಲೆಲ್ಲೂ ನಿಶ್ಶಬ್ದ. ಯಾರೂ ಇಲ್ಲ."

ಹಂಗಳದ ಮಗುವಿಗೆ ಹೇಳುವ ಮಾತೇ ಅದು? ನಮ್ಮ ಹೊಲದ ಬದು ದಾಟಿದರೆ ಬಂಡೀಪುರದ ಕಾಡು. ಟೊಮೇಟೊ, ಜೋಳ ಇಟ್ಟ ಕಾಲದಲ್ಲಿ ನಮ್ಮವರು ರಾತ್ರಿ ಆನೆ ಕಾವಲಿಗೆ ಹೋದರೆ ಬೆಳಗ್ಗೆ ವಾಪಸು ಬಂದು ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವ ಸದ್ದು ಕೇಳುವವರೆಗೆ ಆ ಮಗು ಹೊಟ್ಟೆ ಹಿಡಿದುಕೊಂಡೇ ಕೂತಿರುತ್ತಿತ್ತು. ಕಾಡಿನಲ್ಲಿ ನಿಶ್ಶಬ್ದ ಅಂದರೆ ಆನೆ ಹತ್ತಿರ ಬಂದಿದೆ ಅಂತ ನಮ್ಮೂರಿನ ಅಂಗನವಾಡಿ ಮಕ್ಕಳಿಗೂ ಗೊತ್ತು.

ಚೈತ್ರ ಕಣ್ಣು ಮುಚ್ಚಿಕೊಂಡೇ ಬಿಗಿಯಾಗಿಬಿಟ್ಟಳು. "ಆನೆ ಅದಾ ಮಿಸ್?"

"ಇಲ್ಲ. ಇದು ಒಳ್ಳೆಯ ಕಾಡು."

"ನಮ್ಮಪ್ಪ ಅವ್ರಾ?"

"ಯಾರೂ ಇಲ್ಲ. ನೀನೊಬ್ಬಳೇ. ಹಾಯಾಗಿದ್ದೀಯ."

ಮಗು ಹೋ ಎಂದು ಅತ್ತುಕೊಂಡು ಎದ್ದು ಹೊರಗೆ ಓಡಿಬಂದು ನನ್ನ ಸೀರೆ ಹಿಡಿಯಿತು. ನಾನು ಕಾರಣ ಹೇಳಹೋದೆ. ಆಕೆ ಕೈಗಡಿಯಾರ ಕಟ್ಟಿಕೊಳ್ಳುತ್ತಾ, "ತಾಯಿ ಗಾಬರಿ ಮಗುವಿಗೆ ಬಂದಿದೆ," ಎಂದಳು. ಕಾಡಿನ ಮಾತು ಆಕೆಯ ಕಿವಿಗೆ ಬೀಳಲೇ ಇಲ್ಲ.

ಮುಂದಿನ ವಾರ ಸಮುದ್ರ. ಚೈತ್ರ ಸಮುದ್ರ ನೋಡಿರಲಿಲ್ಲ. ಅದಾದ ಮೇಲೆ ಹೂವಿನ ತೋಟ. ಹೂವಿನ ತೋಟ ಅಂದರೆ ಅವಳಿಗೆ ರಸ್ತೆ ಬದಿಯ ಸೂರ್ಯಕಾಂತಿ ಹೊಲ, ಕೇರಳದ ಕಾರುಗಳು ನಿಂತು ಜನ ಇಳಿದು ಗಿಡ ತುಳಿದು ಫೋಟೋ ತೆಗೆಸಿಕೊಳ್ಳುವುದು, ಅಪ್ಪ ಓಡಿಹೋಗಿ ಕೂಗಾಡುವುದು. ಅಲ್ಲೂ ನೆಮ್ಮದಿಯಿಲ್ಲ. ಕೊನೆಗೆ ಮಗುವೇ ಬಾಯಿಬಿಟ್ಟು, "ಮಿಸ್, ನಾನು ಬಸ್ಸಿನ ಬಾನೆಟ್ ಮೇಲೆ ಕೂತ್ಕಳ್ಳಾ?" ಎಂದಿತು.

ನಮ್ಮ ಬೆಳಗಿನ ಕೆಂಪು ಬಸ್ಸಿನಲ್ಲಿ ಡ್ರೈವರ್ ಪಕ್ಕ ಇಂಜಿನ್ನಿನ ಮೇಲೊಂದು ಮುಚ್ಚಳ ಇರುತ್ತದೆ, ಅದೇ ಬಾನೆಟ್. ಚಳಿಯಲ್ಲಿ ಬೆಚ್ಚಗಿರುತ್ತದೆ. ಡ್ರೈವರಣ್ಣ ಅದರ ಮೇಲೆ ತನ್ನ ಟವೆಲ್ಲು ಮಡಿಸಿ ಹಾಕಿ ಇವಳನ್ನು ಕೂರಿಸುತ್ತಿದ್ದ. ಇವಳು ಬೋರಲು ಬಾಗಿ ಹೊಟ್ಟೆಯನ್ನು ಅದಕ್ಕೆ ಒತ್ತಿಕೊಂಡು ಗುಂಡ್ಲುಪೇಟೆ ಬರುವಷ್ಟರಲ್ಲಿ ನಗುತ್ತಾ ಇಳಿಯುತ್ತಿದ್ದಳು. ಇದನ್ನೆಲ್ಲ ಕೇಳಿ ಆಕೆ ಮೂಗು ಮುರಿದಳು. "ಇಂಜಿನ್ ಸದ್ದಿನಲ್ಲಿ ಶಾಂತಿ ಎಲ್ಲಿಂದ ಬರುತ್ತೆ? ಸಮುದ್ರವೇ ಇರಲಿ."

ಚೈತ್ರ ಹ್ಞೂಂ ಅಂದು ಕಣ್ಣು ಮುಚ್ಚಿದಳು. ಮನೆಗೆ ಹೋಗುವಾಗ ನನ್ನ ಕಿವಿಯಲ್ಲಿ, "ಮಿಸ್ ಸಮುದ್ರ ಅಂದಾಗ ನಾನು ಬಸ್ ಹತ್ಬುಟ್ಟೆ ಕಣಮ್ಮ," ಎಂದು ಹೇಳಿ ಕಿಸಕ್ಕನೆ ನಕ್ಕಳು.

ಅಲ್ಲಿಂದ ನೋವು ಕಡಿಮೆಯಾಯಿತು. ಇದನ್ನು ಬರೆಯದೆ ಹೋದರೆ ನಾನು ಸುಳ್ಳುಗಾತಿಯಾಗುತ್ತೇನೆ. ಬೆಳಗ್ಗೆ ಎದ್ದು ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ಉಸಿರು ಎಳೆದು ಬಿಟ್ಟು, ಮನಸ್ಸಿನಲ್ಲೇ ಬಸ್ಸು ಹತ್ತುವಳು. ಮುಖದ ಗಂಟು ಬಿಚ್ಚಿಕೊಳ್ಳುತ್ತಿತ್ತು. ತಿಂಡಿ ತಿನ್ನುವಳು. ಶಾಲೆ ತಪ್ಪುವುದು ನಿಂತಿತು. ವಿದ್ಯೆ ಸುಳ್ಳಲ್ಲ. ನನ್ನ ಜಗಳ ವಿದ್ಯೆಯ ಮೇಲಲ್ಲ.

ಜಗಳ ಆ ಬಿಲ್ಲೆಯದು. ಆಕೆ ಒಂದು ಪದ್ಧತಿ ಇಟ್ಟಿದ್ದಳು. ಶನಿವಾರ ಎಲ್ಲ ಮಕ್ಕಳನ್ನೂ ಬೆಂಚಿನ ಮುಂದೆ ಸಾಲಾಗಿ ನಿಲ್ಲಿಸಿ, "ಈ ವಾರ ಯಾರು ಹೊಟ್ಟೆನೋವು ಅಂದಿಲ್ಲ?" ಎಂದು ಕೇಳುವಳು. ಕೈ ಎತ್ತಿದ ಮಗುವಿನ ಎದೆಗೆ 'ಧೀರ ಮಗು' ಅಂತ ಬರೆದ ಹೊಳೆಯುವ ಬಿಲ್ಲೆಯನ್ನು ಪಿನ್ನಿನಲ್ಲಿ ಚುಚ್ಚುವಳು. ನಾವೆಲ್ಲ ಚಪ್ಪಾಳೆ ತಟ್ಟಬೇಕು. ನೋವು ಅಂದುಬಿಟ್ಟ ಮಗುವಿನ ಬಿಲ್ಲೆಯನ್ನು ಎಲ್ಲರೆದುರೇ ಬಿಚ್ಚಿಕೊಳ್ಳುವಳು. ಚಂದಕವಾಡಿಯ ಒಂದು ಪುಟಾಣಿ ಹೆಣ್ಣುಮಗು ಬಿಲ್ಲೆ ಕೊಡುವುದಿಲ್ಲ ಅಂತ ಎದೆಯ ಮೇಲೆ ಎರಡೂ ಕೈ ಅಡ್ಡ ಇಟ್ಟುಕೊಂಡು ನಿಂತದ್ದು, ಆಕೆ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮಗೂ ಕಟ್ಟಪ್ಪಣೆ ಇತ್ತು, "ಹೊಟ್ಟೆ ನೋಯ್ತಿದೆಯಾ ಅಂತ ಕೇಳಕೂಡದು. ಕೇಳಿದರೆ ನೋವು ಬರುತ್ತೆ." ಪದೇ ಪದೇ ಕೇಳಬೇಡಿ ಎಂದು ಡಾಕ್ಟರೂ ಹೇಳಿದ್ದರು, ಅದು ಸರಿಯೇ. ಆದರೆ ಯಾವ ನೋವಿಗೆ ಕಣ್ಣು ಮುಚ್ಚಬೇಕು, ಯಾವ ನೋವಿಗೆ ಮಗುವನ್ನು ಎತ್ತಿಕೊಂಡು ಓಡಬೇಕು, ಆ ಮಾತು ಆಕೆಯ ಬಾಯಲ್ಲಿ ಒಂದು ದಿನವೂ ಬರಲಿಲ್ಲ.

ನಮ್ಮವ್ವ ಒಂದು ವಾರ ನನ್ನ ಜೊತೆ ಬಂದಿದ್ದಳು. ಬಿಲ್ಲೆ ಬಿಚ್ಚುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡು, "ಅಲ್ಲ ಕಣವ್ವ, ಕೂಸು ನೋವು ಅಂದ್ರ ಕೇಳ್ಬ್ಯಾಡಿ ಅಂತೀಯಲ್ಲ, ಇನ್ಯಾರ ಹತ್ರ ಯೋಳ್ಕಂಡದು ಅದು? ನಿನ್ಗೆ ಮಕ್ಳಿಲ್ವಾ?" ಅಂದಳು.

"ಇಲ್ಲ," ಎಂದಳು ಆಕೆ.

ಅವ್ವ ಮೆಲ್ಲಗೆ ಬೆಂಚಿನ ಮೇಲೆ ಕೂತಳು. ಆಕೆ ತನ್ನ ಫ್ಲಾಸ್ಕಿನಿಂದ ಜೀರಿಗೆ ನೀರು ಬಗ್ಗಿಸಿಕೊಂಡು ಕುಡಿದು, "ಮುಂದಿನ ಮಗು," ಅಂದಳು. ಆ ಕ್ಷಣ ನನಗೆ ಆಕೆಯನ್ನು ಕಂಡು ಅಯ್ಯೋ ಅನ್ನಿಸಿತ್ತು. ಬಸ್ ಸ್ಟ್ಯಾಂಡಿನವರೆಗೂ ಅನ್ನಿಸಿತ್ತು. ಅಲ್ಲಿ ಚೈತ್ರ ಹೆಜ್ಜೆಗೊಮ್ಮೆ ತನ್ನ ಬಿಲ್ಲೆ ಮುಟ್ಟಿ ಮುಟ್ಟಿ ನೋಡಿಕೊಳ್ಳುವುದು ಕಂಡು ಆ ಕನಿಕರವೂ ಇಂಗಿತು.

ದಸರಾ ರಜೆಯಲ್ಲಿ ನಡೆದದ್ದು ಹೇಳುತ್ತೇನೆ. ನನಗೆ ಗುಂಡ್ಲುಪೇಟೆಯಲ್ಲಿ ಶಿಕ್ಷಕರ ತರಬೇತಿ. ಚೈತ್ರ ಮನೆಯಲ್ಲಿ ಅವ್ವನ ಜೊತೆ ಇದ್ದಳು. ಬೆಳಗ್ಗೆ ಉಪ್ಪಿಟ್ಟು ಬೇಡ ಅಂದಳಂತೆ. ನಡುಮನೆಯಲ್ಲಿ ಚಾಪೆ ಹಾಸಿಕೊಂಡು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಬಿಡುತ್ತಾ ಮಲಗಿದಳಂತೆ. ಮಿಸ್ ಹೇಳಿಕೊಟ್ಟದ್ದು ಮಾಡುತ್ತಿದೆ ಕೂಸು ಅಂತ ಅವ್ವ ಸದ್ದು ಮಾಡದೆ ಓಡಾಡಿದಳು. ಮಧ್ಯಾಹ್ನ ಹಿತ್ತಲಲ್ಲಿ ಕೋಳಿ ಕೆದಕುತ್ತಿದ್ದ ಕಡೆ ಅವ್ವ ಹೋಗಿ ನೋಡಿದರೆ ಮಣ್ಣಿನ ಕೆಳಗೆ ವಾಂತಿ. ಮಗು ಯಾರಿಗೂ ಕಾಣದಂತೆ ವಾಂತಿ ಮಾಡಿ, ಮೇಲೆ ಮಣ್ಣು ಮುಚ್ಚಿ, ಬಾಯಿ ತೊಳೆದು, ಬಂದು ಮತ್ತೆ ಕಣ್ಣು ಮುಚ್ಚಿ ಮಲಗಿದೆ! ಅವ್ವ ಹಣೆ ಮುಟ್ಟಿದರೆ ಕಾದ ಹಂಚು.

"ಎಲ್ಲಿ ನೋಯ್ತದ ಕೂಸೇ?"

"ಯೋಳ್ಬಾರ್ದು ಅಜ್ಜಿ. ಬಿಲ್ಲೆ ಓಯ್ತದ."

ಅವ್ವ ಆ ಬಿಲ್ಲೆ ಕಿತ್ತು ಎಸೆದು ಲಂಗ ಸರಿಸಿ ನೋಡಿದಳು. ಹೊಕ್ಕುಳ ಸುತ್ತ ಅಲ್ಲ, ಬಲಗಡೆ ಕೆಳಗೆ. ಮುಟ್ಟಿಸಿಕೊಳ್ಳಲಿಲ್ಲ. ಫೋನು ಬಂದ ಕೂಡಲೇ ನಾನು ತರಬೇತಿ ಬಿಟ್ಟು ಅಲ್ಲಿನ ಆಸ್ಪತ್ರೆಗೆ ಓಡಿದೆ. ನಮ್ಮವರು ಪಕ್ಕದ ಮನೆಯವರ ತರಕಾರಿ ಪಿಕಪ್ಪಿನಲ್ಲಿ ಮಗುವನ್ನೂ ಅವ್ವನನ್ನೂ ಹತ್ತಿಸಿಕೊಂಡು ಗುಂಡ್ಲುಪೇಟೆಗೆ ಬಂದರು. ಅಲ್ಲಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಅಪೆಂಡಿಕ್ಸ್ ಇರ್ಬೇಕು. ತಡ ಮಾಡ್ಬೇಡಿ, ಚಾಮರಾಜನಗರಕ್ಕೆ ಹೊರಡಿ," ಎಂದರು. ಆಂಬುಲೆನ್ಸು ಬೇರೆ ಕಡೆ ಹೋಗಿತ್ತು. ಮತ್ತೆ ಅದೇ ಪಿಕಪ್ಪು. ಹೊರಡುವ ಮುಂಚೆ ನಾನು ಆಕೆಗೆ ಫೋನು ಮಾಡಿದೆ. ಯಾಕೆ ಮಾಡಿದೆನೋ, ಆಕೆಯ ಬಾಯಿಂದ ಒಂದು ಮಾತು ಬಂದರೆ ಮಗು ಹೆದರದೆ ನೋವು ಹೇಳುತ್ತದೆ ಅಂತ ಇರಬೇಕು. ಜ್ವರ ಅಂದೆ, ವಾಂತಿ ಅಂದೆ, ಡಾಕ್ಟರು ಹೀಗೆಂದರು ಅಂದೆ. "ಚೈತ್ರ ತಾಯಿ, ಮೊದಲು ನೀವು ಉಸಿರು ತಗೊಳ್ಳಿ. ನೀವು ಗಾಬರಿಯಾದರೆ ಮಗು ಗಾಬರಿಯಾಗುತ್ತೆ. ಸಮುದ್ರ ಮಾಡಿಸಿ, ಸರಿಹೋಗುತ್ತೆ," ಎಂದಳು. ಫೋನು ಇಟ್ಟಳು.

ಸಮುದ್ರವಂತೆ!

ತೆರಕಣಾಂಬಿ ದಾಟುವಷ್ಟರಲ್ಲಿ ಚೈತ್ರಳ ತುಟಿ ಬಿಳಿಚಿಕೊಂಡಿತ್ತು. ನನ್ನ ತೊಡೆಯ ಮೇಲೆ ಕಾಲು ಮಡಿಸಿ ಮಲಗಿದ್ದಳು. ಗುಂಡಿ ಬಂದಾಗಲೆಲ್ಲ ಹಲ್ಲು ಕಚ್ಚುವಳು, ಸದ್ದಿಲ್ಲ. ಅಷ್ಟು ಚಿಕ್ಕ ಮಗು, ಅಷ್ಟು ನೋವು, ಒಂದು ಅಮ್ಮಾ ಅನ್ನುವ ಸದ್ದೂ ಇಲ್ಲ. ಆಮೇಲೆ ಮೆಲ್ಲಗೆ, "ಅಮ್ಮ, ಮಿಸ್ ತರ ಹೇಳು," ಅಂದಳು.

ಹೇಳಿದೆ. ಕಾಲಡಿಯಲ್ಲಿ ಪಿಕಪ್ಪಿನ ಇಂಜಿನ್ನು ಬಿಸಿಯಾಗಿತ್ತು, ಹಿಂದಿನಿಂದ ಎಲೆಕೋಸಿನ ವಾಸನೆ ಬರುತ್ತಿತ್ತು. "ಕಣ್ಮುಚ್ಚು ಕಣಮ್ಮಿ. ಹಂಗಳದಲ್ಲಿ ನಿಂತಿದ್ದೀವಿ. ಬಸ್ ಬಂತು. ಡ್ರೈವರ್ ಮಾಮ ಟವೆಲ್ ಹಾಕವ್ರೆ. ಹತ್ತು, ಕೂತ್ಕೊ. ಬೆಚ್ಚಗದೆ ಅಲ್ವಾ? ಅಪ್ಪ ಕಾವಲು ಮುಗಿಸ್ಕಂಡು ಬಂದಾಯ್ತು, ಇಲ್ಲೇ ಮುಂದೆ ಕೂತವ್ರೆ ನೋಡು."

"ಹ್ಞೂಂ."

"ಇದು ನಮ್ಮ ಬಸ್ಸು. ನಮ್ಮ ಬಸ್ಸಲ್ಲಿ ನೋವು ಅಂತ ಕೂಗ್ಬೋದು. ಯಾರೂ ಏನೂ ಕಿತ್ಕೊಳ್ಳಲ್ಲ."

ಅವಳು ಕಣ್ಣು ತೆರೆದು ನನ್ನ ಮುಖ ನೋಡಿದಳು, ನಿಜವೋ ಸುಳ್ಳೋ ಅಂತ. "ಕೂಗು ಕಂದ," ಅಂದೆ. ಮುಂದಿನ ಗುಂಡಿಗೆ ಕೂಗಿದಳು ನೋಡಿ, ಹಾಗೆ ಕೂಗಿದಳು. ನಮ್ಮವರು ತೋಳಿನಿಂದ ಕಣ್ಣೊರೆಸಿಕೊಂಡರು. ನಾನೂ ಅಳುತ್ತಿದ್ದೆ. ಆದರೂ ಆ ದಿನ ಮೊದಲ ಸಲ ನನಗೆ ಮಗು ಕೈಗೆ ಸಿಕ್ಕಿತು ಅನ್ನಿಸಿತು.

ಆಪರೇಷನ್ ಮುಗಿಸಿ ಹೊರಗೆ ಬಂದ ಸರ್ಜನ್, "ಒಡೆದೇ ಹೋಗಿತ್ತು. ಬೆಳಗ್ಗೆಯೇ ಯಾಕೆ ಕರೆತರಲಿಲ್ಲ? ಮಗು ನೋವು ಅನ್ನಲಿಲ್ವಾ?" ಎಂದು ಕೇಳಿದರು. ಇಲ್ಲ ಸರ್, ಬಹುಮಾನ ಬಂದಿತ್ತು, ಅಂತ ಹೇಗೆ ಹೇಳುವುದು? ನಮ್ಮವರು ಗೋಡೆ ಕಡೆ ತಿರುಗಿಕೊಂಡರು.

ಆಕೆ ವಾರ್ಡಿಗೆ ಬಂದಳು. ಅದೇ ಗಂಜಿ ಸೀರೆ, ಕೈಯಲ್ಲಿ ಸೇಬಿನ ಚೀಲ. ಬರದೇ ಇದ್ದಿದ್ದರೆ ಆಕೆಯ ಮೇಲೆ ನನಗೆ ಇಷ್ಟು ಸಿಟ್ಟು ಉಳಿಯುತ್ತಿರಲಿಲ್ಲವೇನೋ. ತಪ್ಪಾಯಿತು ಅನ್ನುವುದಕ್ಕೆ ಬಂದಿದ್ದಾಳೆ ಅಂದುಕೊಂಡು ನಾನೇ ಸ್ಟೂಲು ಸರಿಸಿ ಕೊಟ್ಟೆ. ಕೂರಲಿಲ್ಲ. ಮಲಗಿದ್ದ ಮಗುವಿನ ಕಡೆ ನೋಡಿ ನನ್ನನ್ನು ಕೇಳಿದಳು.

"ಅತ್ತಳಾ?"

"ದಾರೀಲಿ ನಾನೇ ಕೂಗು ಅನ್ನೋವರೆಗೂ ಅಳಲಿಲ್ಲ," ಎಂದೆ.

"ಒಡೆದ ಅಪೆಂಡಿಕ್ಸಿಗೂ ಅಳಲಿಲ್ಲ. ನೋಡಿದ್ರಾ?" ಆ ಮುಖದಲ್ಲಿ ಹೆಮ್ಮೆ ಇತ್ತು. ದೇವರಾಣೆ, ಹೆಮ್ಮೆ ಇತ್ತು. ಬ್ಯಾಗಿನಿಂದ ಹೊಸ ಬಿಲ್ಲೆ ತೆಗೆದು ಮಗುವಿನ ದಿಂಬಿಗೆ ಚುಚ್ಚಿದಳು. ಅವ್ವ ಎದ್ದು ಹೋಗಿ ಪಿನ್ನು ಬಿಚ್ಚಿ, ಬಿಲ್ಲೆಯನ್ನು ಆಕೆಯ ಸೇಬಿನ ಚೀಲದೊಳಗೆ ಹಾಕಿ, ಚೀಲವನ್ನು ಆಕೆಯ ಕೈಗೇ ಕೊಟ್ಟು, "ತಕ್ಕಂಡೋಗವ್ವ," ಎಂದಳು. ಆಕೆ ಚೀಲ ಹಿಡಿದುಕೊಂಡು ನಿಂತಳು, ಏನಾಯಿತು ಅಂತ ಆಕೆಗೆ ಗೊತ್ತಾಗಲಿಲ್ಲ. ಈಗಲೂ ಗೊತ್ತಾಗಿರಲಿಕ್ಕಿಲ್ಲ.

ಮನೆಗೆ ಕಳಿಸುವಾಗ ಮಕ್ಕಳ ಡಾಕ್ಟರು ಚೈತ್ರಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿದರು. "ನಿನ್ನ ಬಸ್ ಚೆನ್ನಾಗಿದೆ ಪುಟ್ಟಿ, ಬಿಡ್ಬೇಡ. ಹಳೇ ನೋವಿಗೆ ಅದೇ ಔಷಧಿ. ಆದ್ರೆ ಜ್ವರ ಬಂದ್ರೆ, ವಾಂತಿಯಾದ್ರೆ, ನೋವು ಬೇರೆ ಜಾಗಕ್ಕೆ ಹೋದ್ರೆ, ನಿದ್ದೆಯಿಂದ ಎಬ್ಬಿಸಿದ್ರೆ, ಬಸ್ ನಿಲ್ಸಿ ಅಮ್ಮನ್ನ ಕರೀಬೇಕು. ಆಯ್ತಾ?" ಇಷ್ಟೇ ಮಾತು. ಹೇಳುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಎಷ್ಟೋ ಶನಿವಾರ ಆ ಬೆಂಚಿನ ಮೇಲೆ ಕೂತಿದ್ದೆವು ನಾವು.

ಆಕೆ ಆಮೇಲೂ ಬಂದಳು, ಹೋದಳು, ಬಿಲ್ಲೆ ಚುಚ್ಚಿದಳು. ನಾನು ಟ್ರಸ್ಟಿಗೆ ಹೋಗಿ ಹೇಳಿದೆ. "ಮೇಡಂ ಸ್ವಲ್ಪ ಸ್ಟ್ರಿಕ್ಟು, ಆದ್ರೆ ರಿಸಲ್ಟ್ ಇದೆ," ಅಂದರು. ಈಗ ಪೇಟ ತೊಡಿಸುತ್ತಿದ್ದಾರೆ.

ಚೈತ್ರ ಈಗ ಒಂಬತ್ತನೇ ಕ್ಲಾಸು. ನಿನ್ನೆ ಸಂಜೆ ಇದನ್ನು ಬರೆಯುತ್ತಾ ಕೂತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಬೋಂಡ ಹಾಕುತ್ತಿದ್ದವಳು. ಎರಡೂ ಕೈ ಬೆನ್ನ ಹಿಂದೆ. ನನ್ನ ಮುಖವನ್ನೇ ನೋಡುತ್ತಿದ್ದಳು.

"ಏನು?"

"ಏನಿಲ್ಲಮ್ಮ."

ಪೆನ್ನು ಕೆಳಗಿಟ್ಟೆ. "ಎಲ್ಲಿ ನೋಯ್ತದೆ?"

ಇನ್ನೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆಮೇಲೆ ಬಲಗೈ ಮುಂದೆ ತಂದಳು. ಎಣ್ಣೆ ಸಿಡಿದು ಮಣಿಕಟ್ಟಿನುದ್ದಕ್ಕೂ ಬೊಬ್ಬೆ ಎದ್ದಿತ್ತು. ಒಲೆಗೂ ನಾನು ಕೂತ ಜಾಗಕ್ಕೂ ನಡುವೆ ಒಂದು ಗೋಡೆ ಅಷ್ಟೇ. ಆ ಕಡೆಯಿಂದ ನನಗೆ ಒಂದು ಸದ್ದೂ ಕೇಳಿಸಿರಲಿಲ್ಲ.

ಟ್ರಸ್ಟಿನವರೇ, ನಿಮ್ಮ ಎರಡು ಪುಟ ತುಂಬಿತು. ಆಕೆಯ ಕೈಯಲ್ಲಿ ಗುಣವಾದ ಮಗು ಇವಳೇ.